ಎರಡು ಆನೆ, ಒಂದು ಕತ್ತರಿ

ಆಗಸ್ಟ್ ೨೧, ಗುರುವಾರ

ಸೊಸೈಟಿಯವರು ಜನವರಿಯಲ್ಲಿ ಕೊಟ್ಟ ಡೈರಿ. ಏಳು ತಿಂಗಳು ಗೊಬ್ಬರದ ಚೀಲದ ಮೇಲೆ ಬಿದ್ದುಕೊಂಡಿತ್ತು. ಇವತ್ತು ಧೂಳು ಕೊಡವಿ ತೆಗೆದೆ. ಯಾಕೆಂದರೆ ಇವತ್ತು ಕಂಡದ್ದನ್ನು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅಡುಗೆಯ ಸುಬ್ಬರಾಯ ಭಟ್ಟರು ನಗುತ್ತಾರೆ, ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಹೊಸ ಪುಸ್ತಕವಾದ್ದರಿಂದ ಮೊದಲು ನನ್ನ ಪರಿಚಯ. ಯೋಗರಾಜ, ನಲವತ್ತೇಳು ವರ್ಷ, ಹೊಸನಗರದ ಕಲ್ಯಾಣ ಮಂಟಪವೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಗಿಡಗಳ ಕೆಲಸ. ಮದುವೆ ಆಗಿಲ್ಲ. ಇದನ್ನು ಬರೆಯುವ ಅಗತ್ಯ ಇರಲಿಲ್ಲ. ನನ್ನ ಸ್ವಂತ ಅಕ್ಕ, ತಾಳಗುಪ್ಪದ ಕುಮುದಕ್ಕ, ಫೋನ್ ಮಾಡಿದಾಗಲೆಲ್ಲ ಅದನ್ನೇ ಮೊದಲು ಕೇಳುವುದರಿಂದ ಅಭ್ಯಾಸವಾಗಿದೆ.

ನನ್ನ ಆಸ್ತಿ ಅಂದರೆ ದೊಡ್ಡ ಗೇಟಿನ ಎರಡು ಆನೆಗಳು. ಎರಡೂ ಸೈಪ್ರೆಸ್ ಮರ. ಊರವರು ಕ್ರಿಸ್‌ಮಸ್ ಮರ ಅನ್ನುತ್ತಾರೆ, ಅನ್ನಲಿ. ನನ್ನ ಗುರು ಬೆಳ್ಳಪ್ಪಜ್ಜ ನೆಟ್ಟದ್ದು, ನಾನು ಕತ್ತರಿಸಿ ಕತ್ತರಿಸಿ ಆನೆ ಮಾಡಿದ್ದು. ಬಲಕ್ಕೆ ಹೆಣ್ಣಾನೆ, ಎಡಕ್ಕೆ ಗಂಡಾನೆ. ಎರಡರ ಸೊಂಡಿಲೂ ತಂತಿಯ ಮೇಲೆ ಬೆಳೆದು ನಡುವೆ ಕೂಡಿಕೊಂಡು ಕಮಾನು ಆಗಿದೆ. ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣು ಕೈ ಹಿಡಿದು ಅದರಡಿ ದಾಟಬೇಕು, ನೆಂಟರು ಅಕ್ಷತೆ ಹಾಕಬೇಕು. ನಮ್ಮ ಛತ್ರದ ಕ್ರಮವೇ ಹಾಗೆ. ಬೇರೆಯವರು ಹೇಗಾದರೂ ಓಡಾಡಲಿ, ನಾನು ಮಾತ್ರ ಅದರಡಿ ನಡೆಯುವುದಿಲ್ಲ. ಒಬ್ಬನೇ ದಾಟುವ ಜಾಗ ಅಲ್ಲ ಅದು. ನಾನು ಬರುವುದೂ ಹೋಗುವುದೂ ಅಡುಗೆಮನೆ ಗೇಟಿನಿಂದ.

ಶ್ರಾವಣದ ಕೊನೆಯ ಮದುವೆ ನಿನ್ನೆ ಮುಗಿಯಿತು. ಇನ್ನು ತುಳಸಿ ಹಬ್ಬ ಕಳೆಯುವ ತನಕ ಆನೆಗಳಿಗೆ ರಜೆ. ಬೆಳಿಗ್ಗೆ ನೀಟಾಗಿ ನೋಡೋಣ ಅಂತ ಏಣಿ ಹತ್ತಿದೆ. ಹೆಣ್ಣಾನೆಯ ಕಿವಿಯಲ್ಲಿ ಅಂಗೈಯಷ್ಟು ಜಾಗ ಕಂದು. ಮುಟ್ಟಿದರೆ ಪುಡಿ.

ಆಗಸ್ಟ್ ೨೪, ಭಾನುವಾರ

ಬೋರ್ಡೋ ಹೊಡೆದೆ. ಅಡಿಕೆಗೆ ಕೊಳೆ ಬಂದರೆ ಹೊಡೆಯುವುದು ಅದನ್ನೇ, ಕಾಳುಮೆಣಸಿಗೂ ಅದನ್ನೇ. ನಮ್ಮ ಕಡೆ ಮನುಷ್ಯರಿಗೆ ಮಾತ್ರ ಹೊಡೆಯುವುದಿಲ್ಲ. ಮೈಲುತುತ್ತ, ಸುಣ್ಣ ಅಳತೆ ಪ್ರಕಾರವೇ ಕಲಸಿದ್ದೆ. ಗಾಳಿ ಎಲ್ಲಿತ್ತೋ, ಬಂದುಬಿಟ್ಟಿತು. ಆನೆಗಳೂ ನೀಲಿ, ಗೇಟೂ ನೀಲಿ, ಹಗ್ಗದ ಮೇಲೆ ಒಣಗುತ್ತಿದ್ದ ಭಟ್ಟರ ಎರಡು ಪಂಚೆಯೂ ನೀಲಿ.

"ಎಂತ ಮಾರಾಯ ಇದು, ನಾಳೆ ನಾನು ಬಡಿಸಕ್ಕೆ ಹೋದ್ರೆ ಕೃಷ್ಣ ಬಂದ ಅಂತಾರೆ" ಅಂದರು ಭಟ್ಟರು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಸೆಪ್ಟೆಂಬರ್ ೩, ಬುಧವಾರ

ಗಂಡಾನೆಯ ಬೆನ್ನಿನಲ್ಲೂ ಕಂದು. ಹೆಣ್ಣಾನೆಯ ಕಿವಿ ಪೂರ್ತಿ ಹೋಗಿದೆ. ಬೋರ್ಡೋ ದಂಡ.

ಛತ್ರದ ಯಜಮಾನ ಹರಿಪ್ರಸಾದ್ ಬಂದಿದ್ದರು. ಮೊಬೈಲಿನಲ್ಲಿ ಫೈಬರ್ ಆನೆಯ ಚಿತ್ರ ತೋರಿಸಿದರು. ಕಣ್ಣಲ್ಲಿ ಲೈಟಂತೆ, ಸೊಂಡಿಲಿನಿಂದ ಪನ್ನೀರು ಚಿಮುಕಿಸುತ್ತದಂತೆ.

"ಯೋಗರಾಜಣ್ಣ, ನವೆಂಬರ್ ಒಂಬತ್ತಕ್ಕೆ ಸೀಸನ್ನಿನ ಮೊದಲ ಮದುವೆ. ಒಣಗಿದ ಆನೆ ಮುಂದೆ ಯಾರು ಫೋಟೋ ತೆಗಿಸ್ಕೊಳ್ತಾರೆ ಹೇಳಿ? ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಂಡೆ. ಪನ್ನೀರು ಚಿಮುಕಿಸುವ ಆನೆಯನ್ನು ನಾನು ನೋಡಿಕೊಳ್ಳಬೇಕಂತೆ! ಬಕೆಟ್ಟಿನಲ್ಲಿ ಪನ್ನೀರು ತುಂಬಿಸುವುದಕ್ಕೆ ಹತ್ತೊಂಬತ್ತು ವರ್ಷ ಕಲಿಯಬೇಕಿತ್ತೇ?

ಸೆಪ್ಟೆಂಬರ್ ೫, ಶುಕ್ರವಾರ

ತೀರ್ಥಹಳ್ಳಿಯ ನರ್ಸರಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಫೈಬರ್ ಆನೆಗಳ ಕಾಲ ಬುಡಕ್ಕೆ ಕ್ರೋಟನ್ ಇಡಲು ಹರಿಪ್ರಸಾದ್ ಹೇಳಿದ್ದರಂತೆ. ಲಗೇಜ್ ಆಟೋ ತಾನೇ ಓಡಿಸಿಕೊಂಡು ಬಂದಳು. ಕ್ರೋಟನ್ ಇಳಿಸುವ ಬದಲು ನೇರವಾಗಿ ನನ್ನ ಏಣಿ ಹತ್ತಿದಳು. ಕೇಳಲೂ ಇಲ್ಲ!

ಸೊಂಟದಿಂದ ಸಣ್ಣ ಚಾಕು ತೆಗೆದು ಕೊಂಬೆಯ ತೊಗಟೆ ಕೆರೆದಳು. ಒಳಗೆ ಕೆಂಪುಗಂದು, ಅಂಚಿನಲ್ಲಿ ಅಂಟು ಕಣ್ಣೀರಿನ ಹಾಗೆ ಇಳಿದು ಗಟ್ಟಿಯಾಗಿದೆ.

"ಇದು ಕೊಳೆ ಅಲ್ಲ, ಕ್ಯಾಂಕರ್. ಬೂಷ್ಟು ತೊಗಟೆ ಒಳಗೆ ಕೂತಿದೆ. ಮೇಲಿಂದ ಬೋರ್ಡೋ ಹೊಡೆದ್ರೆ ಅದಕ್ಕೆ ಸ್ನಾನ ಮಾಡಿಸ್ದಂಗೆ ಅಷ್ಟೇ" ಅಂದಳು.

"ನಿಮಗೆ ಹೇಗೆ ಗೊತ್ತು?"

"ಹನ್ನೊಂದು ವರ್ಷ ಶಿವಮೊಗ್ಗದಲ್ಲಿ ಸಸ್ಯರೋಗದ ಲ್ಯಾಬಲ್ಲಿ ಗಾಜು ತೊಳ್ದಿದ್ದೀನಿ. ತೊಳೆಯೋವಾಗ ಕಣ್ಣು ಮುಚ್ಕೊಂಡಿರ್ಲಿಲ್ಲ." ಆಮೇಲೆ ಕೇಳಿದಳು, "ಒಂದು ಮರದಿಂದ ಇನ್ನೊಂದಕ್ಕೆ ಹೋಗೋವಾಗ ಕತ್ತರಿ ಒರೆಸ್ತೀರಾ?"

ನಾನು ಎದೆಯುಬ್ಬಿಸಿ ಹೇಳಿದೆ, ಇಲ್ಲ. ಬೆಳ್ಳಪ್ಪಜ್ಜ ಕಲಿಸಿದ ಕ್ರಮ ಅದು. ಮದುವೆಯ ಹಿಂದಿನ ದಿನ ಮೊದಲು ಹೆಣ್ಣಿನ ಕಡೆಯ ಮರಕ್ಕೆ ಕತ್ತರಿ, ಆಮೇಲೆ ಅದೇ ಕತ್ತರಿ ಗಂಡಿನ ಕಡೆಯದಕ್ಕೆ. ನಡುವೆ ಒರೆಸುವಂತಿಲ್ಲ, ತೊಳೆಯುವಂತಿಲ್ಲ. ಒಂದರ ಅಂಟು ಇನ್ನೊಂದಕ್ಕೆ ಹತ್ತಬೇಕು, ಆಗಲೇ ಜೋಡಿ ಗಟ್ಟಿ. ನಾನು ಕತ್ತರಿ ಆಡಿಸಿದ ಒಂದು ಜೋಡಿಯೂ ಇಲ್ಲಿಯತನಕ ಮುರಿದಿಲ್ಲ.

ಆ ಹೆಂಗಸು ಏಣಿಯ ಮೇಲಿಂದ ನನ್ನನ್ನೇ ನೋಡಿದಳು. ನಗಲಿಲ್ಲ. "ರೋಗ ಬಂದಿದ್ದು ಗಾಳಿಮಳೆಲಿ ಇರ್ಬಹುದು. ದಾಟಿದ್ದು ಮಾತ್ರ ನಿಮ್ಮ ಕತ್ತರಿಲಿ" ಅಂದಳು.

ಕ್ರೋಟನ್ ಇಳಿಸಿ ಹೋದಳು. ಚಾ ಕುಡೀರಿ ಅಂತ ಭಟ್ಟರು ಕರೆದರು, ನಾನು ಕರೆಯಲಿಲ್ಲ.

ಸೆಪ್ಟೆಂಬರ್ ೬

ನನ್ನ ಕತ್ತರಿಯೇ ಅಂತೆ.

ಸೆಪ್ಟೆಂಬರ್ ೯, ಮಂಗಳವಾರ

ಊಟದ ಹಾಲ್‌ನ ಮುಂದೆ ನಾಲ್ಕು ಸಣ್ಣ ಸೈಪ್ರೆಸ್ ಇವೆ. ಭಟ್ಟರ ಒತ್ತಾಯಕ್ಕೆ ಲಾಡಿನ ಆಕಾರ ಕೊಟ್ಟದ್ದು. ಅವಕ್ಕೆ ಜೋಡಿಯ ಮರ್ಯಾದೆ ಇಲ್ಲವಲ್ಲ, ಹಳೆಯ ಸಣ್ಣ ಕತ್ತರಿಯಲ್ಲಿ ಹೇಗೋ ಕತ್ತರಿಸುತ್ತೇನೆ. ಇವತ್ತು ಮೂರು ಸಲ ಸುತ್ತು ಹಾಕಿ ಹುಡುಕಿದೆ. ಒಂದೇ ಒಂದು ಕಂದು ಎಲೆ ಇಲ್ಲ. ನಾಲ್ಕೂ ಲಾಡು ಹಸಿರಾಗಿ ನಗುತ್ತಿವೆ.

ಹತ್ತೊಂಬತ್ತು ವರ್ಷ ಪ್ರೀತಿಯಿಂದ ಮಾಡಿದ್ದೇ ಇದಕ್ಕೆ ಕಾರಣವಾಯಿತಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಲಾಡುಗಳ ನಡುವೆ ಕೂತಿದ್ದೆ, ಯಾರೂ ನೋಡಲಿಲ್ಲ.

ಹತ್ತೂವರೆಯ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ನರ್ಸರಿ ಕುಪ್ಪಳ್ಳಿ ರಸ್ತೆಯಲ್ಲಿದೆ. ಆಕೆ ಸಸಿಗಳ ಚೀಲಕ್ಕೆ ಮಣ್ಣು ತುಂಬಿಸುತ್ತಿದ್ದರು. ಹೆಸರು ಯಶೋಧಾ. "ನೀವು ಹೇಳಿದ್ದು ಸರಿ" ಅಂದೆ. ಇಷ್ಟು ಹೇಳುವುದಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದೆ.

ಅವರು ಮೂಗು ಮುರಿಯಲಿಲ್ಲ. "ರೋಗ ಇರೋ ಕೊಂಬೆನ ಆರೋಗ್ಯದ ಜಾಗದ ತನಕ ಕತ್ತರಿಸ್ಬೇಕು. ಪ್ರತಿ ಸಲ ಕತ್ತರಿಸಿದ ಮೇಲೂ ಸ್ಪಿರಿಟ್ಟಲ್ಲಿ ಒರೆಸ್ಬೇಕು. ಕತ್ತರಿಸಿದ್ದನ್ನ ಅವತ್ತೇ ಸುಡ್ಬೇಕು. ಕಾಂಡಕ್ಕೆ ಹೋಗಿಲ್ಲ ಇನ್ನೂ, ಆಸೆ ಇದೆ. ಸೋಮವಾರ ಬರ್ತೀನಿ, ಸ್ಪಿರಿಟ್ ತಂದಿಟ್ಟಿರಿ."

ಅಲ್ಲಿಂದಲೇ ಹರಿಪ್ರಸಾದರಿಗೆ ಫೋನ್ ಮಾಡಿದೆ. ನವೆಂಬರ್ ಒಂದನೇ ತಾರೀಕಿನ ತನಕ ಗಡುವು. ಅವತ್ತು ಹೊಸದಾಗಿ ಒಂದು ಕಂದು ಎಲೆ ಕಂಡರೂ ಗರಗಸ.

ಸೆಪ್ಟೆಂಬರ್ ೧೩

ಸ್ಪಿರಿಟ್ ತರಲು ಸಾಗರಕ್ಕೆ ಹೋಗಿದ್ದೆ. ಐದು ಬಾಟಲಿ ಕೇಳಿದ್ದಕ್ಕೆ ಮೆಡಿಕಲ್ ಶಾಪಿನವನು ನನ್ನ ಮುಖವನ್ನೇ ನೋಡಿದ. "ಆನೆಗೆ" ಅಂದೆ. ಇನ್ನೂ ಅನುಮಾನದಿಂದ ನೋಡಿದ. ಹಾಗೇ ಒಂದು ಅಂಗಿ ತೆಗೆದುಕೊಂಡೆ. ಹಳೆಯದಕ್ಕೆ ಸ್ಪಿರಿಟ್ ಬಿದ್ದರೆ ಹಾಳಾಗುತ್ತದೆ.

ಸೆಪ್ಟೆಂಬರ್ ೧೫, ಸೋಮವಾರ

ಬೆಳಿಗ್ಗೆ ಎಂಟರಿಂದ ನಾಲ್ಕರ ತನಕ ಕತ್ತರಿಸಿದೆವು. ಯಶೋಧಾ ಮೇಡಂ ತೋರಿಸುವುದು, ನಾನು ಕತ್ತರಿಸುವುದು, ಅವರು ಒರೆಸುವುದು. ಹೆಣ್ಣಾನೆಯ ಒಂದು ಕಿವಿ ಹೋಯಿತು, ಗಂಡಾನೆಯ ಬೆನ್ನು ಜೋಲುಬಿದ್ದ ಮಂಚದ ಹಾಗಾಯಿತು. ಅಳು ಬರುತ್ತದೆ ಅಂದುಕೊಂಡಿದ್ದೆ. ಆದರೆ ಗಂಡಾನೆಯನ್ನು ನೋಡಿ ಅವರು "ಇದಕ್ಕೆ ಬಾಣಂತನ ಆಗ್ಬೇಕು" ಅಂದರು, ನನಗೆ ನಗು ತಡೆಯಲಾಗಲಿಲ್ಲ, ಏಣಿ ಅಲ್ಲಾಡಿತು, "ಮೊದ್ಲು ಇಳೀರಿ, ಆಮೇಲೆ ನಗಿ" ಅಂತ ಬೈಸಿಕೊಂಡೆ.

ಕತ್ತರಿಸಿದ್ದನ್ನೆಲ್ಲ ಟಾರ್ಪಾಲಿನಲ್ಲಿ ಕಟ್ಟಿ ರಸ್ತೆಯಾಚೆಯ ಖಾಲಿ ಜಾಗಕ್ಕೆ ಒಯ್ದು ಸುಡಬೇಕಿತ್ತು. ಅಡುಗೆಮನೆ ಗೇಟಿಗೆ ಅಡ್ಡ ಸೌದೆ ಲೋಡು ಇಳಿಸಿದ್ದರು. ಹಾಗಾಗಿ ಟಾರ್ಪಾಲಿನ ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದು ದೊಡ್ಡ ಗೇಟಿನಿಂದಲೇ ಹೊತ್ತೆವು. ಒಂದು ಚೂರು ತೊಗಟೆಯೂ ನೆಲಕ್ಕೆ ಬೀಳಬಾರದು ಅಂತ ನನ್ನ ಗಮನವೆಲ್ಲ ಅದರ ಮೇಲಿತ್ತು.

ಭಟ್ಟರು ಜಗಲಿಯಲ್ಲಿ ತಿಥಿ ಊಟಕ್ಕೆ ಅಕ್ಕಿ ಆರಿಸುತ್ತಾ ಕೂತಿದ್ದವರು ಎದ್ದು ಬಂದು, ನಾವು ಗೇಟು ದಾಟುವಾಗ ಒಂದು ಮುಷ್ಟಿ ಅಕ್ಕಿ ನಮ್ಮ ಕಡೆ ಎಸೆದು ಕಿಸಕ್ಕನೆ ನಕ್ಕರು. ಈ ವಯಸ್ಸಿನಲ್ಲಿ ಇದೆಂಥ ಆಟವೋ. ಒಳ್ಳೆಯ ಸಣ್ಣಕ್ಕಿ. ಅಕ್ಕಿ ದಂಡ.

ಬೆಂಕಿ ಚೆನ್ನಾಗಿ ಹತ್ತಿತು. ಸೈಪ್ರೆಸ್ ಸುಟ್ಟರೆ ಎಷ್ಟು ಒಳ್ಳೆಯ ಪರಿಮಳ! ರೋಗದ ಮರಕ್ಕೂ ಅಷ್ಟು ಪರಿಮಳ ಇರುತ್ತದೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ಹೊಸ ಕಂದು ಇಲ್ಲ. ಯಶೋಧಾ ಮೇಡಂ ಬಂದು ನೋಡಿದರು. ಫೋನಿನಲ್ಲಿ ಹೇಳಿದ್ದರೂ ಸಾಕಿತ್ತು, ಆದರೂ ಬಂದರು. ಜವಾಬ್ದಾರಿ ಇರುವ ಜನ.

ಭಟ್ಟರು ಕೊಟ್ಟೆ ಕಡುಬು ಮಾಡಿದ್ದರು. ಯಶೋಧಾ ಮೇಡಂಗೆ ಬೆಲ್ಲಕ್ಕಿಂತ ಚಟ್ನಿ ಇಷ್ಟ, ಅದರಲ್ಲೂ ಖಾರ. ಅಣ್ಣ ತೀರಿಕೊಂಡ ಮೇಲೆ ಅಣ್ಣನ ಮಕ್ಕಳಿಬ್ಬರನ್ನು ಓದಿಸಿ ದಡ ಹತ್ತಿಸಿದ್ದು ಇವರೇ. "ಅದ್ರಲ್ಲೇ ಹೊತ್ತು ಹೋಯ್ತು, ಮದುವೆ ಗಿದುವೆ ನೆನಪಾಗ್ಲಿಲ್ಲ" ಅಂದರು, ಬಸ್ಸು ತಪ್ಪಿತು ಅನ್ನುವಷ್ಟು ಸಲೀಸಾಗಿ.

ಸೆಪ್ಟೆಂಬರ್ ೨೯, ಸೋಮವಾರ

ಹೊಸ ಕಂದು ಇಲ್ಲ. ಇವತ್ತು ನಾನೇ ಚಟ್ನಿ ಅರೆದೆ. ಭಟ್ಟರಿಗೆ ಕೈ ನೋವು ಇರಬಹುದು ಅಂತ.

"ನನ್ನ ಕೈಗೆಂತ ಆಯ್ದು?" ಅಂದರು ಭಟ್ಟರು ಅವರ ಮನೆಮಾತಿನಲ್ಲಿ. ನಾನು ಒರಳಿಗೆ ಇನ್ನೆರಡು ಮೆಣಸು ಹಾಕಿದೆ.

ಅಕ್ಟೋಬರ್ ೧, ಬುಧವಾರ

ಆಯುಧಪೂಜೆ. ಈ ವರ್ಷ ಎರಡು ದೊಡ್ಡ ಕತ್ತರಿ, ಒಂದೊಂದು ಆನೆಗೆ ಒಂದೊಂದು. ಹಿಡಿಕೆಗೆ ಕೆಂಪು ದಾರ ಒಂದಕ್ಕೆ, ಹಸಿರು ಇನ್ನೊಂದಕ್ಕೆ. ಬೆಳ್ಳಪ್ಪಜ್ಜನ ಫೋಟೋದ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅಜ್ಜ ಒಳ್ಳೆಯವನು, ಅವನಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಅವನೇ ಒರೆಸುತ್ತಿದ್ದ.

ಸ್ಪಿರಿಟ್ ಬಾಟಲಿಗೂ ಕುಂಕುಮ ಹಚ್ಚಿದೆವು. ಯಶೋಧಾ ತಮ್ಮ ಚಾಕು ತಂದು ನನ್ನ ಕತ್ತರಿಗಳ ಪಕ್ಕದಲ್ಲಿಟ್ಟರು. ಲಗೇಜ್ ಆಟೋಗೆ ಚೆಂಡು ಹೂವಿನ ಹಾರ ಕಟ್ಟಿದ್ದು ನಾನು. ಗಂಟು ಚೆನ್ನಾಗಿ ಬಂದಿದೆ ಅಂದರು.

ಅಕ್ಟೋಬರ್ ೧೩, ಸೋಮವಾರ

ಸೊಂಡಿಲುಗಳು ಕೂಡುವ ಜಾಗದಲ್ಲಿ ಅಂಟು ಇಳಿಯುತ್ತಿದೆ. ತಂತಿ ಉಜ್ಜಿ ಉಜ್ಜಿ ಗಾಯವಾಗಿ ರೋಗ ಅಲ್ಲೇ ಒಳಹೊಕ್ಕಿದೆ. ಎರಡೂ ಸೊಂಡಿಲು ಬುಡದ ಹತ್ತಿರಕ್ಕೆ ಕತ್ತರಿಸಬೇಕು. ಬಿಟ್ಟರೆ ತಲೆಗೆ ಇಳಿಯುತ್ತದೆ, ಆಮೇಲೆ ಕಾಂಡಕ್ಕೆ.

"ನಾನು ಹೇಳಲ್ಲ. ನೀವೇ ಹೇಳಿ" ಅಂದರು ಯಶೋಧಾ.

ಕಮಾನು ಉಳಿಸಿದರೆ ಆನೆಗಳು ಹೋಗುತ್ತವೆ. ಆನೆ ಉಳಿಯಬೇಕಾದರೆ ಕಮಾನು ಹೋಗಬೇಕು. ನಾಳೆ ಬನ್ನಿ ಅಂದೆ.

ಅಕ್ಟೋಬರ್ ೧೪, ಮಂಗಳವಾರ

ಕತ್ತರಿಸಿದೆ.

ಅದಕ್ಕೆ ಮೊದಲು ಯಶೋಧಾ ಹೇಳಿದರು, "ಇಷ್ಟು ವರ್ಷ ಬೆಳೆಸಿದ್ದೀರಿ. ಒಂದ್ಸಲ ದಾಟಿ ಬನ್ನಿ."

"ಒಬ್ಬನೇ ದಾಟೋ ಹಾಗಿಲ್ಲ" ಅಂದೆ.

ಅವರು ಏನೋ ಹೇಳಲು ಬಾಯಿ ತೆರೆದು, ಆಟೋದ ಟೈರು ಒದ್ದು ನೋಡಿದರು. ಗಾಳಿ ಸರಿಯಾಗೇ ಇತ್ತು.

ಎಡ ಸೊಂಡಿಲು ಕೆಂಪು ದಾರದ ಕತ್ತರಿಯಲ್ಲಿ, ಬಲ ಸೊಂಡಿಲು ಹಸಿರು ದಾರದ್ದರಲ್ಲಿ. ದಪ್ಪ ಇರುವಲ್ಲಿ ಗರಗಸ. ಪ್ರತಿ ಸಲವೂ ಅವರು ಒರೆಸಿ ಕೊಟ್ಟರು. ಎಷ್ಟು ಜೋಡಿ ಇದರಡಿ ನಗುತ್ತಾ ನಡೆದವು! ಮಾಡಿದವನು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನಡೆಯಲಿಲ್ಲ. ಇನ್ನು ನಡೆಯುವಂತೆಯೂ ಇಲ್ಲ. ಇದೊಂದು ಸಂಕಟ ಇವತ್ತು ಮನಸ್ಸಿನಲ್ಲಿ ಕೂತಿದೆ, ಬರೆದರೂ ಇಳಿಯುತ್ತಿಲ್ಲ.

ಅಕ್ಟೋಬರ್ ೨೭, ಸೋಮವಾರ

ಹೊಸ ಕಂದು ಇಲ್ಲ! ಗಂಡಾನೆಯ ಕುತ್ತಿಗೆಯಲ್ಲಿ, ಹಸಿರು ಉಳಿದಿದ್ದ ಕಡೆ, ಎಳೆ ಚಿಗುರು. ಯಶೋಧಾ ನನಗಿಂತ ಮೊದಲು ಕಂಡುಹಿಡಿದು ಏಣಿಯ ಮೇಲಿಂದಲೇ ಕೂಗಿದರು. ಚಿಗುರು ನೋಡಲು ನಾವಿಬ್ಬರೂ ಒಂದೇ ಏಣಿಯ ಎರಡು ಬದಿ ಹತ್ತಿ ನಿಂತಿದ್ದೆವು. ಹರೆಯದವರ ಹಾಗೆ ಕಿರುಚಿಕೊಂಡೆವಂತೆ, ಭಟ್ಟರು ಹೇಳಿದ್ದು.

ಮುಂದಿನ ವಾರ ಹುಲಿಕಲ್ ಕಡೆ ಹೋಗಿ ಜರೀಗಿಡ ತರೋಣ, ಆನೆಗಳ ಬುಡಕ್ಕೆ ಚೆನ್ನಾಗಿರುತ್ತದೆ ಅಂದರು. ಜರೀಗಿಡ ನಮ್ಮ ಕಾಂಪೌಂಡಿನ ಹಿಂದೆಯೇ ರಾಶಿ ಇದೆ. ನಾನು ಹೇಳಲಿಲ್ಲ. ಅಲ್ಲಿಯದು ಬೇರೆ ಜಾತಿ ಇರಬಹುದು.

ನವೆಂಬರ್ ೧, ಶನಿವಾರ

ಹರಿಪ್ರಸಾದ್ ಬಂದರು. ಕನ್ನಡಕ ಹಾಕಿಕೊಂಡು ಎರಡೂ ಆನೆಗಳಿಗೆ ಪ್ರದಕ್ಷಿಣೆ ಹಾಕಿದರು. ಒಂದು ಕಂದು ಎಲೆಯೂ ಸಿಗಲಿಲ್ಲ. ಒಂದು ಕಿವಿಯ ಆನೆ, ತಗ್ಗುಬೆನ್ನಿನ ಆನೆ, ಎರಡಕ್ಕೂ ಮೊಳದುದ್ದದ ಸೊಂಡಿಲು.

"ಮರಿಯಾನೆ ಹಂಗೆ ಕಾಣ್ತವೆ" ಅಂದರು. ಅಷ್ಟರಲ್ಲಿ ಅವರ ಹೆಂಡತಿ ಕಾರಿನಿಂದ ಇಳಿದು ಬಂದು, "ಅಯ್ಯೋ, ಎಷ್ಟು ಮುದ್ದಾಗಿದಾವೆ, ಇವನ್ನ ಯಾರು ಕಡಿಯೋರು?" ಅಂದರು. ಅಲ್ಲಿಗೆ ತೀರ್ಮಾನವಾಯಿತು. ಫೈಬರ್ ಆನೆ ಬೇಡ ಅಂತ ನನ್ನೆದುರೇ ಫೋನ್ ಮಾಡಿದರು.

ನಾನು ಯಶೋಧಾಗೆ ಫೋನ್ ಮಾಡಿದೆ. ಮುದ್ದಾಗಿದಾವೆ ಅಂದದ್ದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು.

ನವೆಂಬರ್ ೯, ಭಾನುವಾರ

ಮೊದಲ ಮದುವೆ ಮುಗಿಯಿತು. ಕಮಾನು ಇಲ್ಲದಿದ್ದರೂ ಹುಡುಗ ಹುಡುಗಿ ಆನೆಗಳ ನಡುವೆ ನಡೆದರು, ಅಕ್ಷತೆ ಬಿತ್ತು. ಹುಡುಗಿ ಹೆಣ್ಣಾನೆಯ ಒಂಟಿ ಕಿವಿಗೆ ಮಲ್ಲಿಗೆ ಸಿಕ್ಕಿಸಿ ಫೋಟೋ ತೆಗೆಸಿಕೊಂಡಳು. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಕಿವಿ ಜಗ್ಗಿಬಿಡುತ್ತಾರೆಂದು ನಾನು ಕಾವಲು ನಿಂತೆ.

ಯಶೋಧಾ ಬಂದಿದ್ದರು, ರೇಷ್ಮೆ ಸೀರೆಯಲ್ಲಿ. ಆಟೋ ಓಡಿಸಿಕೊಂಡೇ. ಕೊನೆಯ ಪಂಕ್ತಿಯಲ್ಲಿ ನಾವಿಬ್ಬರೂ ಊಟಕ್ಕೆ ಕೂತೆವು. ಭಟ್ಟರು ಹೋಳಿಗೆ ಬಡಿಸುತ್ತಾ ನಿಂತರು.

"ಊರವರ ಮದುವೆಗೆಲ್ಲ ಹೋಳಿಗೆ ಮಾಡಿದ್ದಾಯ್ತು. ಯೋಗರಾಜ, ನಿಂದ್ಯಾವಾಗ ಮಾರಾಯ?"

ಯಾವತ್ತಿನ ಮಾತೇ. ಯಾವತ್ತೂ ನಕ್ಕು ತೇಲಿಸುತ್ತಿದ್ದೆ. ಇವತ್ತು ಹೋಳಿಗೆ ಮುರಿಯುತ್ತಾ ನಿಜವನ್ನೇ ಹೇಳಿದೆ. "ಇನ್ನೆಲ್ಲಿ ಭಟ್ರೇ. ಕಮಾನೇ ಹೋಯ್ತಲ್ಲ. ದಾಟೋ ಯೋಗ ನನಗೆ ಬರ್ಲಿಲ್ಲ."

ಭಟ್ಟರು ಹೋಳಿಗೆಯ ಬುಟ್ಟಿ ಕೆಳಗಿಟ್ಟರು. "ಬರ್ಲಿಲ್ಲವಾ? ಸೌದೆ ಲೋಡು ಬಂದ ದಿನ ಟಾರ್ಪಾಲು ಹಿಡ್ಕೊಂಡು ದಾಟಿದ್ದು ಯಾರು, ನನ್ನ ಅಜ್ಜನಾ? ಕಮಾನು ಹೋಗೋ ಮುಂಚೆ ದಾಟಿದ ಕೊನೇ ಜೋಡಿ ನೀವೇ. ನಾನು ಅಕ್ಕಿ ಹಾಕಿಲ್ವಾ?"

ನನ್ನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಹೌದಲ್ಲ! ದೊಡ್ಡ ಗೇಟು, ಸೊಂಡಿಲ ಕೆಳಗೆ, ಇಬ್ಬರೂ. ಪಕ್ಕಕ್ಕೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

"ನಂಗೆ ಅವತ್ತೇ ಗೊತ್ತಾಗಿತ್ತು" ಅಂದರು ಯಶೋಧಾ, ಎಲೆ ನೋಡುತ್ತಾ. "ಅಕ್ಕಿ ತಲೆತುಂಬ ಬಿದ್ದಿತ್ತು. ತೀರ್ಥಹಳ್ಳಿ ಮುಟ್ಟೋ ತನಕ ಒಂದೂ ಕೊಡವಿಲ್ಲ ನಾನು."

"ಮತ್ತೆ ಹೇಳ್ಲೇ ಇಲ್ಲ?"

"ದಾಟಿ ಬನ್ನಿ ಅಂದಾಗ ಹೇಳೋಕೆ ಹೊರಟಿದ್ದೆ. ನೀವು ಒಬ್ಬನೇ ಅಂದ್ರಿ." ಸ್ವಲ್ಪ ತಡೆದು, "ಈಗಲೂ ಒಬ್ಬನೇನಾ?"

ಅಲ್ಲ ಅಂದೆ. ಬಾಯಿಯಲ್ಲಿ ಹೋಳಿಗೆ ಇದ್ದುದರಿಂದ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಇನ್ನೊಂದು ಸಲ ಅಂದೆ. ಭಟ್ಟರು ಅಷ್ಟು ಜೋರಾಗಿ ನಕ್ಕಿದ್ದಕ್ಕೆ ಪಂಕ್ತಿಯವರೆಲ್ಲ ತಿರುಗಿ ನೋಡಿದರು.

ಕುಮುದಕ್ಕನಿಗೆ ಫೋನ್ ಮಾಡಿದೆ. ಈ ಸಲ ಅವಳು ಕೇಳುವ ಮೊದಲೇ ಹೇಳಿದೆ. ಆ ಕಡೆಯಿಂದ ಅಳುವ ಸದ್ದು, ಆಮೇಲೆ ಬೈಗುಳ, ಆಮೇಲೆ ಮತ್ತೆ ಅಳು. ನಾಳೆ ಬೆಳಗಿನ ಬಸ್ಸಿಗೇ ಬರುತ್ತಾಳಂತೆ.

ಈಗ ಡೈರಿ ಹಿಂದಕ್ಕೆ ತಿರುವಿ ಸೆಪ್ಟೆಂಬರ್ ಹದಿನೈದರ ಪುಟ ನೋಡಿದೆ. ತೊಗಟೆ, ಟಾರ್ಪಾಲು, ಬೆಂಕಿ, ಪರಿಮಳ ಎಲ್ಲವನ್ನೂ ಬರೆದಿದ್ದೇನೆ. ನಡುವೆ ಒಂದು ಕಡೆ "ಅಕ್ಕಿ ದಂಡ" ಅಂತ ಇದೆ. ಪೆನ್ನು ತೆಗೆದು ಆ ಎರಡು ಪದ ಹೊಡೆದುಹಾಕಿದೆ.